ಮನೆ ಎಳೆದ ಸೈಕಲ್ಲು ಮನೆಯ ಬಾಲವೇರಿತು

1947ರ ಒಂದು ಕಪ್ಪು-ಬಿಳುಪು ಚಿತ್ರ ಅಮೆರಿಕದ ಟ್ರೇಲರ್ ಪ್ರಿಯರಿಗೆ ಚಿರಪರಿಚಿತ. ಫ್ರೆಂಚ್ ಸೈಕಲ್ ಪಟು ಆಲ್ಫ್ರೆಡ್ ಲೆಟೂರ್ನರ್ ಪೆಡಲ್ ಮೇಲೆ ಕಾಲಿಟ್ಟಿದ್ದಾರೆ. ಅವರ ಸೈಕಲ್ಲಿನ ಹಿಂದೆ 22 ಅಡಿ ಉದ್ದದ ಏರ್‌ಸ್ಟ್ರೀಮ್ ಟ್ರೇಲರ್, ಅಂದರೆ ಹಾಸಿಗೆ, ಅಡುಗೆಕಟ್ಟೆ ಎಲ್ಲ ಇರುವ ಗಾಲಿಮನೆ. ಅಲ್ಯೂಮಿನಿಯಂ ಮೈಯ ತನ್ನ ಟ್ರೇಲರ್ ಎಷ್ಟು ಹಗುರವೆಂದು ತೋರಿಸಲು ಕಂಪನಿ ಹೂಡಿದ ಉಪಾಯವಿದು.

ಈಗ ಅಲ್ಲಿನ ಹೆದ್ದಾರಿಗಳಲ್ಲಿ ಚಿತ್ರ ತಿರುಗುಮುರುಗು. ಟ್ರೇಲರ್ ಎಳೆಯುವುದು ಪಿಕಪ್ ಟ್ರಕ್ಕು. ಸೈಕಲ್ಲುಗಳು ಟ್ರೇಲರಿನ ಬೆನ್ನಿಗೆ. ಕಾರಣ ಸರಳ. ಬಿಡಾರ ಹೂಡಿದ ಮೇಲೆ ಹಾಲು-ಬ್ರೆಡ್ಡಿಗೋ ಕೆರೆ ದಂಡೆಗೋ ಹೋಗಲು ಸೈಕಲ್ಲೇ ಸಲೀಸು. ಹದಿನೈದು ಕಿಲೋದ ಸೈಕಲ್ಲು ಯಾರಿಗೂ ಹೊರೆ ಅನ್ನಿಸಿರಲಿಲ್ಲ.

ಆಮೇಲೆ ಇ-ಬೈಕ್, ಅಂದರೆ ವಿದ್ಯುತ್ ಮೋಟಾರಿನ ಸೈಕಲ್ಲು ಬಂತು. ಕಲ್ಪನೆ ಹಳೆಯದೇ: ಓಹಾಯೊದ ಆಗ್ಡನ್ ಬೋಲ್ಟನ್ ಎಂಬಾತ ಚಕ್ರದೊಳಗೆ ಮೋಟಾರು ಕೂರಿಸಿದ ಸೈಕಲ್ಲಿಗೆ 1895ರಲ್ಲೇ ಪೇಟೆಂಟ್ ಪಡೆದಿದ್ದ. ಅದು ಜನರ ಕೈಗೆ ಬರಲು ಲಿಥಿಯಂ ಬ್ಯಾಟರಿ ಬರಬೇಕಾಯಿತು. 750 ವಾಟ್‌ಗಿಂತ ಕಡಿಮೆ ಶಕ್ತಿಯ, ಮಿತವೇಗದ ಇಂಥ ಗಾಡಿಯನ್ನು 2002ರ ಅಮೆರಿಕನ್ ಕಾನೂನು ಮೋಟಾರು ವಾಹನಗಳ ಸಾಲಿನಿಂದ ಹೊರಗಿಟ್ಟಿತು. 2019ರ ಸರ್ಕಾರಿ ಆದೇಶವೊಂದು ರಾಷ್ಟ್ರೀಯ ಉದ್ಯಾನಗಳ ಸೈಕಲ್ ದಾರಿಗಳನ್ನೂ ಅದಕ್ಕೆ ತೆರೆಯಲು ಹಾದಿ ಮಾಡಿತು. ಮಂಡಿನೋವಿನವರೂ ಏರು ಹತ್ತತೊಡಗಿದರು.

ಆದರೆ ಇ-ಬೈಕ್ ಒಂದೊಂದೂ 25ರಿಂದ 35 ಕಿಲೋ. ಹಲವು ಟ್ರೇಲರುಗಳ ಹಿಂದಿರುವ ಬಂಪರ್, ನಾಲ್ಕಿಂಚಿನ ತೆಳು ತಗಡಿನ ಚೌಕ ಕೊಳವೆ. ಅದರ ಅಸಲಿ ಕೆಲಸ, ಕಕ್ಕಸಿನ ತೊಟ್ಟಿ ಖಾಲಿ ಮಾಡುವ ಪೈಪನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವುದು! ಅದಕ್ಕೆ ಭಾರ ಬಿಗಿದರೆ ಬೆಸುಗೆ ಬಾಯಿಬಿಡುತ್ತದೆ. ಟ್ರಕ್ಕಿಗೆ ಸರಿಹೋಗುವ ಸೈಕಲ್ ಹೊರುವ ರ‍್ಯಾಕ್ ಇಲ್ಲಿಗೆ ಆಗುವುದಿಲ್ಲ. ಅಚ್ಚಿನಿಂದ ಬಹಳ ಹಿಂದಿರುವ ಟ್ರೇಲರಿನ ಬಾಲ ಪ್ರತಿ ಹಳ್ಳಕ್ಕೂ ಎಗರಿ ಬೀಳುತ್ತದೆ. ಅದಕ್ಕೇ ಹಲವು ತಯಾರಕರು ಟ್ರೇಲರಿಗೆ ತಮ್ಮ ರ‍್ಯಾಕ್ ಬೇಡವೆನ್ನುತ್ತಾರೆ. ಕೆಲವರು ಅದಕ್ಕೆಂದೇ ಗಟ್ಟಿ ರ‍್ಯಾಕ್ ಮಾಡತೊಡಗಿದ್ದಾರೆ. ಅದನ್ನು ಬಂಪರಿಗಲ್ಲ, ಚಾಸಿಗೆ ಬೆಸೆದ ಹಿಚ್‌ಗೆ ಸಿಕ್ಕಿಸಬೇಕು.

ಬೆಸುಗೆ ಗಟ್ಟಿಯಾದರೂ ಇನ್ನೊಂದು ಅಪಾಯ ಉಳಿಯುತ್ತದೆ. ಎತ್ತಿನಗಾಡಿ ಹೇರಿದವರಿಗೆ ಅದು ಗೊತ್ತು: ಹಿಂಭಾರ. ಗಾಡಿ ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ನೊಗ ಹೆಗಲು ಬಿಡುತ್ತದೆ. ಟ್ರೇಲರಿಗೂ ಇದೇ ಲೆಕ್ಕ. ಒಟ್ಟು ತೂಕದ ಶೇ. 10ರಿಂದ 15 ಭಾಗ ಟ್ರಕ್ಕಿನ ಕೊಂಡಿಯ ಮೇಲೆ ಕೂರಬೇಕು. 2,500 ಕಿಲೋದ ಟ್ರೇಲರ್ ಕೊಂಡಿಯ ಮೇಲೆ 250 ಕಿಲೋ ಒತ್ತುತ್ತಿದೆ ಎನ್ನಿ. ಅಚ್ಚಿನಿಂದ ಮೂರೂವರೆ ಮೀಟರ್ ಹಿಂದೆ ಎರಡು ಇ-ಬೈಕ್, ರ‍್ಯಾಕ್ ಸೇರಿ 80 ಕಿಲೋ ತೂಗುಬಿದ್ದರೆ, ಐದು ಮೀಟರ್ ಮುಂದಿರುವ ಕೊಂಡಿಯ ಮೇಲಿನ ಭಾರದಲ್ಲಿ 56 ಕಿಲೋ ಕಳೆದುಹೋಗುತ್ತದೆ. ಮಿಕ್ಕಿದ್ದು 194, ಶೇ. 10ಕ್ಕೂ ಕಡಿಮೆ. ವೇಗದಲ್ಲಿ ಅಡ್ಡಗಾಳಿ ಹೊಡೆದರೆ ಟ್ರೇಲರ್ ಬಾಲ ಬೀಸತೊಡಗುತ್ತದೆ, ಎಳೆಯುವ ಟ್ರಕ್ಕನ್ನೇ ಅಲ್ಲಾಡಿಸುತ್ತದೆ.

ಬ್ಯಾಟರಿ ಬಿಚ್ಚಿ ಟ್ರಕ್ಕಿನೊಳಗಿಟ್ಟರೆ ಬೈಕಿಗೆ ಮೂರ್ನಾಲ್ಕು ಕಿಲೋ ಇಳಿದೀತು. ಟ್ರಕ್ಕಿನ ತೊಟ್ಟಿಯಲ್ಲಿ ಜಾಗವಿದ್ದರೆ ಬೈಕನ್ನೇ ಅಲ್ಲಿ ಹೇರುವುದು ಲೇಸು. ಸೈಕಲ್ಲು ಟ್ರೇಲರಿನ ಮುಂದೆಯೇ ಇರಲಿ. 1947ರಲ್ಲಿ ಇದ್ದದ್ದೂ ಅಲ್ಲೇ.