ರನ್‌ವೇ ಮೇಲೆ ಫಾರ್ಮುಲಾ ವನ್ ಕಾರು!

ಹೊಲಗಳಲ್ಲಿ 45 ಎಚ್‌ಪಿ ಟ್ರ್ಯಾಕ್ಟರ್ ನೋಡಿದ್ದೀರಲ್ಲ? ಅಂಥ ಹತ್ತು ಟ್ರ್ಯಾಕ್ಟರ್‌ಗಳ ಬಲ ಒಂದೇ ಕಾರಿನಲ್ಲಿ! ಹೆಸರು, ಎನ್‌ಸೈನ್.

ಅದನ್ನು ಮಾಡಿದ್ದು ಇಂಗ್ಲೆಂಡಿನ ಮೋ ನನ್ ಕಟ್ಟಿದ, ಅದೇ ಹೆಸರಿನ ಪುಟ್ಟ ತಂಡ. ಫಾರ್ಮುಲಾ ವನ್‌ಗೆ ಬಂದಿದ್ದು 1973ರಲ್ಲಿ. ಫೆರಾರಿ ತನ್ನ ಎಂಜಿನ್ ತಾನೇ ಮಾಡಿಕೊಳ್ಳುತ್ತಿತ್ತು. ಎನ್‌ಸೈನ್‌ಗೆ ಅಷ್ಟು ದುಡ್ಡೆಲ್ಲಿ? ಮೂರು ಲೀಟರಿನ, ಎಂಟು ಸಿಲಿಂಡರಿನ ಕಾಸ್ವರ್ತ್ ಎಂಜಿನ್ ಕೊಂಡು ತಂದು ಕೂರಿಸಿದರು. ಆಗಿನ ಹೆಚ್ಚಿನ ಬ್ರಿಟಿಷ್ ತಂಡಗಳ ದಾರಿಯೂ ಇದೇ.

ಗೆದ್ದರಾ? ಒಂದು ರೇಸೂ ಇಲ್ಲ! ಆದರೆ ಮುಂದೆ ಮೂರು ಸಲ ವಿಶ್ವ ಚಾಂಪಿಯನ್ ಆದ ನೆಲ್ಸನ್ ಪಿಕೆ, 1978ರಲ್ಲಿ ತಮ್ಮ ಮೊದಲ ಫಾರ್ಮುಲಾ ವನ್ ರೇಸ್ ಓಡಿಸಿದ್ದು ಇದೇ ತಂಡಕ್ಕೆ. 1981ರಲ್ಲಿ ಬ್ರೆಜಿಲ್‌ನ ಮಳೆಯಲ್ಲಿ ಮಾರ್ಕ್ ಸೂರರ್‌ಗೆ ನಾಲ್ಕನೇ ಸ್ಥಾನ. ಅತಿ ವೇಗದ ಲ್ಯಾಪ್ ಕೂಡ ಅವರದೇ.

ಈಗ ನಮ್ಮ ಕಡೆ ಬನ್ನಿ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಒಂದು ಎನ್‌ಸೈನ್ ತರಿಸಿ, 1980ರ ದಶಕದಲ್ಲಿ ಮದ್ರಾಸ್ ಹತ್ತಿರದ ಶೋಲಾವರಂನಲ್ಲಿ ಓಡಿಸಿದರು. ಆ ಟ್ರ್ಯಾಕ್ ಅಸಲಿಗೆ ಎರಡನೇ ಮಹಾಯುದ್ಧದ ರನ್‌ವೇ!

2008ರಲ್ಲಿ ಮಲ್ಯ ಪಾಲುದಾರರಾಗಿದ್ದ ಫೋರ್ಸ್ ಇಂಡಿಯಾ ತಂಡ ಫಾರ್ಮುಲಾ ವನ್ ಕಣಕ್ಕಿಳಿಯಿತು. 2009ರ ಬೆಲ್ಜಿಯಂ ರೇಸಿನಲ್ಲಿ ಎರಡನೇ ಸ್ಥಾನ. ಎನ್‌ಸೈನ್‌ಗೆ ಎಂದೂ ದಕ್ಕದ, ಮೊದಲ ಮೂವರು ನಿಲ್ಲುವ ಪೋಡಿಯಂ, ನಮ್ಮ ದೇಶದ ಹೆಸರಿನ ತಂಡಕ್ಕೆ ದಕ್ಕಿತು!