ವಿದ್ಯುತ್ ಜಾಲದ ಶಂಕೆಯೂ ನಿಟ್ಟೆಯ ಅಡಕೆ ತೋಟಗಳೂ

೧೯೯೯ನೆಯ ಇಸವಿಯ ಕೊನೆಗೆ, ವರ್ಷವನ್ನು ಎರಡೇ ಅಂಕೆಗಳಲ್ಲಿ ಎಣಿಸುತ್ತಿದ್ದ ಗಣಕಯಂತ್ರಗಳು ೨೦೦೦ವನ್ನು ೧೯೦೦ ಎಂದು ಭ್ರಮಿಸಿ ದೇಶದ ವಿದ್ಯುತ್ ಜಾಲವನ್ನೇ ನಿಲ್ಲಿಸಿಬಿಟ್ಟಾವೆಂಬ ಶಂಕೆ ಹುಟ್ಟಿದ್ದಿತು. ಹಾಗೇನೂ ಆಗಲಿಲ್ಲ. ಉತ್ತರದ ಜಾಲವು ಕುಸಿದುದು ೨೦೧೨ನೆಯ ಜುಲೈ ೩೦ ಮತ್ತು ೩೧ರಂದು, ಬೀನಾ–ಗ್ವಾಲಿಯರ್ ಮಾರ್ಗದ ಮೇಲೆ ಭಾರ ಹೆಚ್ಚಿ. ದಕ್ಷಿಣದ ಜಾಲವು ಆಗ ಪ್ರತ್ಯೇಕವಾಗಿದ್ದುದರಿಂದ ನಿಟ್ಟೆಯ ಸೀಮೆಗೆ ಆ ವಿಪತ್ತು ತಟ್ಟಲಿಲ್ಲ. ತಟ್ಟಿದ್ದರೂ ಮಳೆಗಾಲದಲ್ಲಿ ಅಡಕೆಗೇನು ನಷ್ಟ?

೨೦೧೩ನೆಯ ಡಿಸೆಂಬರ್ ೩೧ರಂದು ರಾಯಚೂರು–ಸೋಲಾಪುರ ಮಾರ್ಗದಿಂದ ಎರಡೂ ಜಾಲಗಳು ಒಂದಾದವು. ದೂರದ ಕೇಡು ಈಗ ಇಲ್ಲಿಗೂ, ಬೇಸಗೆಯಲ್ಲಿಯೂ, ಬರಬಹುದು. ಮಾರ್ಚಿಯಿಂದ ಮೇ ತನಕ ಅಡಕೆಯ ಮರವೊಂದಕ್ಕೆ ಮೂರರಿಂದ ಐದು ದಿನಗಳಿಗೊಮ್ಮೆ ಸುಮಾರು ೧೭೫ ಲೀಟರ್ ನೀರು ಬೇಕು; ನೂರು ಮರಗಳಿಗೆ ೧೭,೫೦೦ ಲೀಟರ್. ಭೂಮಾಲಿಕರು ತೋಟದ ಮೇಲಣ ದಿಣ್ಣೆಯಲ್ಲಿ ಇಷ್ಟಾದರೂ ಹಿಡಿಯುವ ತೊಟ್ಟಿಯನ್ನು ಕಟ್ಟಿಸಿ, ವಿದ್ಯುತ್ ಇರುವಾಗಲೇ ತುಂಬಿಸಿಡತಕ್ಕದ್ದು. ಬುಡಗಳಿಗೆ ಸೊಪ್ಪು ಹೊದಿಸಿದರೆ ತೇವವು ಇನ್ನಷ್ಟು ದಿನ ನಿಲ್ಲುವುದು.