ಪಟ್ಟಿಯಲ್ಲಿಲ್ಲದ ಹೆಸರು

ಬೇಸಿಗೆಯ ದಿನಗಳಲ್ಲಿ ನಮ್ಮ ರಾಯಚೂರು ಸೀಮೆಯ ಮನೆಗಳಲ್ಲಿ ಬಿಸಿಲಿನ ತಾಪದೊಡನೆ ಇನ್ನೊಂದು ತಾಪವೂ ಕೂಡಿಕೊಳ್ಳುತ್ತದೆ. ಅದು ಪಟ್ಟಿಯ ತಾಪ. ಪರೀಕ್ಷೆಯ ಪಟ್ಟಿ, ನೌಕರಿಯ ಪಟ್ಟಿ, ಕ್ರೀಡಾ ವಸತಿ ನಿಲಯದ ಆಯ್ಕೆಯ ಪಟ್ಟಿ. ಹಿಂದೆ ಅದನ್ನು ಕಚೇರಿಯ ಗೋಡೆಗೆ ಹಚ್ಚುತ್ತಿದ್ದರು. ಇಂದು ಅದು ಅಂಗೈಯ ಮೊಬೈಲಿಗೆ ಬಂದಿದೆ. ಆದರೆ ಅದನ್ನು ಓದುವ ತಂದೆಯ ಬೆರಳು ಮಾತ್ರ ಅಂದಿನಂತೆಯೇ ಮೇಲಿನಿಂದ ಕೆಳಗೆ ಸರಿಯುತ್ತದೆ. ಹೆಸರು ಕಾಣದಿದ್ದಾಗ ಕೆಳಗಿನಿಂದ ಮೇಲಕ್ಕೆ ಮತ್ತೊಮ್ಮೆ ಸರಿಯುತ್ತದೆ. ಹೆಸರಿಲ್ಲದ ಮನೆಯಲ್ಲಿ ಅಂದು ಒಲೆ ಹೊತ್ತುವುದು ತಡವಾಗುತ್ತದೆ. ಮಗ ಅಥವಾ ಮಗಳು ಗೋಡೆಯ ಕಡೆಗೆ ಮುಖ ಮಾಡಿ ಮಲಗಿರುತ್ತಾರೆ. ದೇವದುರ್ಗದಲ್ಲಾಗಲಿ ಮಾನ್ವಿಯಲ್ಲಾಗಲಿ ಇಂಥ ಸಂಜೆಯನ್ನು ಕಾಣದ ಓಣಿ ಇರಲಾರದು.

ಆ ಸಂಜೆಯ ನಂತರ ಏನು? ಈ ಪ್ರಶ್ನೆಗೆ ಉಪದೇಶದಿಂದ ಉತ್ತರ ಹೇಳುವುದು ಸುಲಭ. ಆದರೆ ಉಪದೇಶಕ್ಕಿಂತ ಬಾಳಿ ತೋರಿಸಿದವರ ಕಥೆ ಹೆಚ್ಚು ನಾಟುತ್ತದೆ. ಆದುದರಿಂದ ಇಬ್ಬರು ಆಟಗಾರರ ಬದುಕನ್ನು ವಾಚಕ ಬಾಂಧವರ ಮುಂದಿಡಬಯಸುತ್ತೇನೆ. ಒಬ್ಬರು ದೂರದ ಅಮೆರಿಕೆಯವರು. ಇನ್ನೊಬ್ಬರು ನಮ್ಮ ರಾಯಚೂರಿನಲ್ಲಿಯೇ ಹುಟ್ಟಿದವರು. ಇಬ್ಬರ ಹೆಸರೂ ಬರಬೇಕಾದ ಪಟ್ಟಿಯಲ್ಲಿ ಬರಲಿಲ್ಲ.

ಆಯ್ಕೆಯ ರಾತ್ರಿ

ಬಾಸ್ಕೆಟ್‌ಬಾಲ್ ಆಟವು 1891ರಲ್ಲಿ ಅಮೆರಿಕೆಯ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಹುಟ್ಟಿತು. ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಚಳಿಗಾಲದಲ್ಲಿ ಹುಡುಗರಿಗೆ ಒಳಾಂಗಣದಲ್ಲಿ ಆಡಿಸಲೆಂದು ಬುಟ್ಟಿ ಕಟ್ಟಿ ಇದನ್ನು ರೂಪಿಸಿದರು. ಇಂದು ಆ ದೇಶದ ಎನ್‌ಬಿಎ ಎಂಬ ಸಂಸ್ಥೆಯಲ್ಲಿ 30 ತಂಡಗಳಿವೆ. ಆಡುವುದೇ ಅಲ್ಲಿಯ ಆಟಗಾರರ ಜೀವನೋಪಾಯ. ವರ್ಷಕ್ಕೊಮ್ಮೆ ಈ ತಂಡಗಳು ಒಂದೆಡೆ ಸೇರಿ ಹೊಸ ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಇದಕ್ಕೆ 'ಡ್ರಾಫ್ಟ್' ಎಂದು ಹೆಸರು. ಹಿಂದಿನ ವರ್ಷ ಸೋತು ಹಿಂದುಳಿದ ತಂಡಗಳಿಗೆ ಮೊದಲು ಆರಿಸುವ ಅವಕಾಶ ಹೆಚ್ಚು. ನಡೆಯುವುದು ಎರಡೇ ಸುತ್ತು; ಆಯ್ಕೆಯಾಗುವವರು ಸುಮಾರು 60 ಮಂದಿ. ಕಾಲೇಜುಗಳಲ್ಲಿ ಆಡಿ ಬಂದ ಉಳಿದ ನೂರಾರು ತರುಣರು ಆ ರಾತ್ರಿ ಹೆಸರು ಕೇಳದೆಯೇ ಮಲಗುತ್ತಾರೆ.

ಹಾಗೆ ಮಲಗಿದವನಿಗೆ ಬಾಗಿಲು ಪೂರ್ತಿ ಮುಚ್ಚಿತೆಂದಲ್ಲ. ಬೇಸಿಗೆಯ ಪಂದ್ಯಗಳಲ್ಲಿ ಆಡಿ ತೋರಿಸಬಹುದು; ಯಾವಾಗ ಬೇಕಾದರೂ ಕಳಿಸಿಬಿಡಬಹುದಾದ ಕರಾರಿನ ಮೇಲೆ ತಂಡದ ಶಿಬಿರಕ್ಕೆ ಸೇರಬಹುದು; ಇಲ್ಲವೇ ಪರದೇಶದ ತಂಡಗಳಲ್ಲಿ ಆಡಬಹುದು. ಬಾಗಿಲು ಇದೆ, ಆದರೆ ಅದು ಹಿತ್ತಲ ಬಾಗಿಲು.

ಹತ್ತಿಯ ನಾಡಿನ ಹುಡುಗ

ಬೆನ್ ವ್ಯಾಲೇಸ್ ಅವರು 1974ರಲ್ಲಿ ಅಮೆರಿಕೆಯ ಅಲಬಾಮಾ ರಾಜ್ಯದ ವೈಟ್ ಹಾಲ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಹನ್ನೊಂದು ಮಕ್ಕಳಲ್ಲಿ ಹತ್ತನೆಯವರು. ಆ ಪ್ರದೇಶವೂ ನಮ್ಮ ಎರೆಹೊಲಗಳಂತೆ ಕಪ್ಪು ಮಣ್ಣಿಗೆ ಹೆಸರಾದುದು, ಹತ್ತಿ ಬೆಳೆದ ನಾಡು. ಹನ್ನೊಂದು ಮಕ್ಕಳ ಮನೆಯಲ್ಲಿ ಆಟದ ಶಿಬಿರಕ್ಕೆ ಕಟ್ಟುವ ಹಣವೆಲ್ಲಿ ಬರಬೇಕು? ಪ್ರಸಿದ್ಧ ಆಟಗಾರ ಚಾರ್ಲ್ಸ್ ಓಕ್ಲಿ ಅವರ ಶಿಬಿರಕ್ಕೆ 50 ಡಾಲರ್ ಶುಲ್ಕವಿತ್ತು. ಬಾಲಕ ವ್ಯಾಲೇಸ್ ತಲೆಗೆ 3 ಡಾಲರಿನಂತೆ ಊರವರ ಕ್ಷೌರ ಮಾಡಿ ಆ ಹಣವನ್ನು ಕೂಡಿಸಿದರು. ಕ್ಷೌರದ ಕಾಯಕವು ಹೀಗೆ ಒಬ್ಬ ಆಟಗಾರನನ್ನು ನಿಲ್ಲಿಸಿತು. ಮುಂದೆ ಅದೇ ಓಕ್ಲಿಯವರು ಅವರಿಗೆ ವರ್ಜೀನಿಯಾ ಯೂನಿಯನ್ ವಿಶ್ವವಿದ್ಯಾಲಯದ ದಾರಿ ತೋರಿದರು. ಅದು ದೊಡ್ಡ ದೊಡ್ಡ ತಂಡಗಳ ಕಣ್ಣು ಬೀಳುವ ಸಂಸ್ಥೆಯಾಗಿರಲಿಲ್ಲ.

1996ರ ಜೂನ್ 26ರಂದು ನಡೆದ ಆಯ್ಕೆಯಲ್ಲಿ 58 ಹೆಸರುಗಳನ್ನು ಕೂಗಲಾಯಿತು. ಅಲೆನ್ ಐವರ್ಸನ್ ಮೊದಲನೆಯವರು. ಜಗತ್ಪ್ರಸಿದ್ಧರಾದ ಕೋಬಿ ಬ್ರಯಾಂಟ್ ಹದಿಮೂರನೆಯವರು. 58ರಲ್ಲಿ ವ್ಯಾಲೇಸ್ ಅವರ ಹೆಸರು ಇರಲಿಲ್ಲ. ಬುಟ್ಟಿಯ ಕೆಳಗೆ ನಿಲ್ಲುವ ಆಟಗಾರನಿಗೆ ಅವರ ಎತ್ತರ ಸಾಲದು ಎಂಬ ಮಾತಿತ್ತು. ಚೆಂಡನ್ನು ಬುಟ್ಟಿಗೆ ಹಾಕುವುದರಲ್ಲಿ ಅವರು ನಿಪುಣರೂ ಆಗಿರಲಿಲ್ಲ. ಈ ಕೊರತೆ ನಿಜವಾದುದೇ, ಆಯ್ಕೆಗಾರರು ಕಣ್ಣಿಲ್ಲದವರಾಗಿರಲಿಲ್ಲ. ಆದರೆ ಅವರು ಕಂಡುದು ವ್ಯಾಲೇಸ್ ಅವರಲ್ಲಿ ಇಲ್ಲದುದನ್ನು ಮಾತ್ರ.

ಆ ವರ್ಷವೇ ವಾಷಿಂಗ್ಟನ್ ತಂಡವು ಅವರನ್ನು ಸೇರಿಸಿಕೊಂಡಿತು. ಮೊದಲ ವರ್ಷ ಆಡಿದ್ದು 34 ಪಂದ್ಯ. ಪಂದ್ಯಕ್ಕೆ ಗಳಿಸಿದ ಅಂಕ ಸರಾಸರಿ ಒಂದಕ್ಕಿಂತ ತುಸು ಹೆಚ್ಚು. 2000ದಲ್ಲಿ ಡೆಟ್ರಾಯಿಟ್ ತಂಡದ ಮಹಾ ತಾರೆ ಗ್ರಾಂಟ್ ಹಿಲ್ ಒರ್ಲಾಂಡೊ ತಂಡಕ್ಕೆ ಹೋದಾಗ, ಅದಕ್ಕೆ ಪ್ರತಿಯಾಗಿ ಬಂದ ಇಬ್ಬರಲ್ಲಿ ವ್ಯಾಲೇಸ್ ಒಬ್ಬರು. ಸಂತೆಯಲ್ಲಿ ತೂಕ ಸರಿದೂಗಿಸಲು ಮೇಲೆ ಹಾಕುವ ಹಿಡಿ ಕಾಳಿನಂತೆ ಆಗಿತ್ತು ಅವರ ಸ್ಥಿತಿ.

ಆದರೆ ಆಟದಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ದುಡಿಮೆಯಿದೆ. ಗುರಿ ತಪ್ಪಿ ಪುಟಿದ ಚೆಂಡನ್ನು ಹತ್ತು ಕೈಗಳ ನಡುವೆ ಹಾರಿ ಹಿಡಿದು ತರುವುದು. ಎದುರಾಳಿಯ ಎಸೆತವನ್ನು ತಡೆಯುವುದು. ಕೈಚಪ್ಪಾಳೆ ಬುಟ್ಟಿಗೆ ಹಾಕಿದವನಿಗೆ. ಮೈನೋವು ಚೆಂಡು ತಂದವನಿಗೆ. ವ್ಯಾಲೇಸ್ ಆ ಮೈನೋವನ್ನೇ ತಮ್ಮ ಪಾಲಿನ ಕೆಲಸವೆಂದು ಕೈಗೆತ್ತಿಕೊಂಡರು. 2002, 2003, 2005 ಮತ್ತು 2006ರಲ್ಲಿ, ಹೀಗೆ ನಾಲ್ಕು ಸಲ, ವರ್ಷದ ಶ್ರೇಷ್ಠ ರಕ್ಷಣಾ ಆಟಗಾರರೆಂಬ ಪ್ರಶಸ್ತಿ ಪಡೆದರು. 2004ರ ಅಂತಿಮ ಹಣಾಹಣಿಯಲ್ಲಿ ಡೆಟ್ರಾಯಿಟ್ ತಂಡವು ಕೋಬಿ ಬ್ರಯಾಂಟ್ ಇದ್ದ ಲಾಸ್ ಏಂಜಲೀಸ್ ತಂಡವನ್ನು 4-1ರಿಂದ ಸೋಲಿಸಿತು. ಕೊನೆಯ ಪಂದ್ಯದಲ್ಲಿ ವ್ಯಾಲೇಸ್ 22 ಬಾರಿ ಪುಟಿದ ಚೆಂಡನ್ನು ಹಿಡಿದು, 18 ಅಂಕಗಳನ್ನೂ ಗಳಿಸಿದರು. ಎಂಟು ವರ್ಷಗಳ ಹಿಂದೆ ಹದಿಮೂರನೆಯವನಾಗಿ ಹೆಸರು ಕೂಗಿಸಿಕೊಂಡವರೂ ಹೆಸರೇ ಕೂಗಿಸಿಕೊಳ್ಳದವರೂ ಅಂದು ಒಂದೇ ಅಂಗಳದಲ್ಲಿ ಎದುರುಬದುರಾಗಿದ್ದರು. ಸಾವಿರಕ್ಕೂ ಹೆಚ್ಚು ಪಂದ್ಯಗಳನ್ನಾಡಿ ನಿವೃತ್ತರಾದ ವ್ಯಾಲೇಸ್ ಅವರಿಗೆ 2021ರಲ್ಲಿ ಆಟ ಹುಟ್ಟಿದ ಸ್ಪ್ರಿಂಗ್‌ಫೀಲ್ಡಿನ ಕೀರ್ತಿಭವನದಲ್ಲಿ ಸ್ಥಾನ ದೊರೆಯಿತು.

ರಾಯಚೂರಿನ ಯರೇಗೌಡರು

ಇದು ದೂರದ ಮಾತಾಯಿತು. ಇನ್ನು ನಮ್ಮ ಊರಿನದು. ಆಟ ಬೇರೆ, ಕ್ರಿಕೆಟ್. ಆದರೆ ಬಾಳಿನ ದಾರಿ ಅದೇ.

ಯರೇಗೌಡರು ಹುಟ್ಟಿದ್ದು ರಾಯಚೂರಿನಲ್ಲಿ, 1971ರ ನವೆಂಬರ್ 27ರಂದು. ಅವರು ಕರ್ನಾಟಕದ ಪರವಾಗಿ ಆಡಲು ತೊಡಗಿದ 1990ರ ದಶಕದ ನಡುವಿನ ಕಾಲವು ಈ ರಾಜ್ಯದ ಕ್ರಿಕೆಟ್ಟಿನ ಸುಗ್ಗಿಯ ಕಾಲ. ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್, ದ್ರಾವಿಡ್, ಸುನಿಲ್ ಜೋಶಿ ಇವರೆಲ್ಲ ಒಂದೇ ರಾಜ್ಯದವರು. 1995-96, 1997-98, 1998-99ರಲ್ಲಿ ರಣಜಿ ಟ್ರೋಫಿ ಕರ್ನಾಟಕದ ಪಾಲಾಯಿತು. ತುಂಬಿದ ಬಂಡಿಯಲ್ಲಿ ಕಾಲಿಡಲು ತಾವಿಲ್ಲದಂತಾದಾಗ ಹೊಸಬನಾದವನು ಮಾಡುವುದೇನು? ಯರೇಗೌಡರು ರೈಲ್ವೆ ತಂಡಕ್ಕೆ ಹೋದರು.

ಮುಂಬಯಿ ಕಡೆಯಿಂದ ಬಂದ ರೈಲು ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಒಂದನ್ನೊಂದು ಕೂಡಿದ್ದು ರಾಯಚೂರಿನಲ್ಲಿ. ಆ ಊರಿನ ತರುಣನೊಬ್ಬ ಬಾಳಿನ ದಾರಿಯನ್ನು ರೈಲ್ವೆಯಲ್ಲಿ ಕಂಡುಕೊಂಡುದು ಉಚಿತವಾಗಿಯೇ ಇದೆ. ರೈಲ್ವೆ ತಂಡದವರು ನೌಕರಿ ಮಾಡುತ್ತಲೇ ಆಡುವವರು. ನಾಡಿನ ಬೇರೆ ಬೇರೆ ಮೂಲೆಗಳಿಂದ, ಬಹುಮಟ್ಟಿಗೆ ತಂತಮ್ಮ ರಾಜ್ಯದಲ್ಲಿ ಸ್ಥಾನ ಸಿಗದೆ ಬಂದವರು. ಆ ತಂಡವು 1958-59ರಿಂದ ರಣಜಿಯಲ್ಲಿ ಆಡುತ್ತಿದ್ದರೂ ಒಮ್ಮೆಯೂ ಗೆದ್ದಿರಲಿಲ್ಲ. 2000-01ರ ಅಂತಿಮ ಪಂದ್ಯದಲ್ಲಿ ಬರೋಡಾ ವಿರುದ್ಧ ಕೇವಲ 21 ಓಟಗಳಿಂದ ಸೋತಿತು. ಮರುವರ್ಷ ದಿಲ್ಲಿಯಲ್ಲಿ ಅದೇ ಬರೋಡಾ ತಂಡವನ್ನು ಮಣಿಸಿ ಮೊದಲ ಬಾರಿಗೆ ಟ್ರೋಫಿಯನ್ನು ಎತ್ತಿಹಿಡಿಯಿತು. 2004-05ರಲ್ಲಿ ಪಂಜಾಬ್ ತಂಡವನ್ನು ಮೀರಿಸಿ ಎರಡನೆಯ ಬಾರಿ ಗೆದ್ದಿತು. ಈ ವರ್ಷಗಳಲ್ಲಿ ಆ ತಂಡದ ಬ್ಯಾಟಿಂಗಿನ ನಡುಗಂಬವಾಗಿ ನಿಂತವರು ನಮ್ಮ ಯರೇಗೌಡರು.

ಅವರ ಆಟದಲ್ಲಿ ಅಬ್ಬರವಿರಲಿಲ್ಲ. ಮೇಲಿನವರು ಬೇಗನೆ ಔಟಾದಾಗ ಬಂದು ಗಂಟೆಗಟ್ಟಲೆ ಬೇರೂರಿ ನಿಲ್ಲುವುದೇ ಅವರ ವೈಶಿಷ್ಟ್ಯ. ನೂರಕ್ಕೂ ಹೆಚ್ಚು ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಏಳೂವರೆ ಸಾವಿರಕ್ಕೂ ಮಿಕ್ಕಿ ಓಟಗಳು, ಸರಾಸರಿ 45ಕ್ಕೂ ಮೇಲೆ. ಇಷ್ಟಾದರೂ ಭಾರತ ತಂಡದ ಪಟ್ಟಿಯಲ್ಲಿ ಅವರ ಹೆಸರು ಒಮ್ಮೆಯೂ ಬರಲಿಲ್ಲ. ಆಗ ಆ ತಂಡದ ನಡುವಿನ ಸ್ಥಾನಗಳಲ್ಲಿ ಇದ್ದವರು ದ್ರಾವಿಡ್, ತೆಂಡೂಲ್ಕರ್, ಗಂಗೂಲಿ, ಲಕ್ಷ್ಮಣ್. ತಪ್ಪು ಯಾರದೂ ಅಲ್ಲ, ಕಾಲ ಹಾಗಿತ್ತು.

ಮುಂದಿನದು ಗಮನಾರ್ಹ. 2006-07ರ ಹೊತ್ತಿಗೆ, ಮೂವತ್ತೈದರ ವಯಸ್ಸಿನಲ್ಲಿ, ಅವರನ್ನು ಕರ್ನಾಟಕವೇ ಮರಳಿ ಕರೆಸಿಕೊಂಡಿತು. ತಂಡದ ನಾಯಕತ್ವವನ್ನೂ ಒಪ್ಪಿಸಿತು. 2018ರಲ್ಲಿ ಅವರು ರಾಜ್ಯ ತಂಡದ ತರಬೇತುದಾರರಾದರು. 2019ರ ಒಂದೇ ವರ್ಷದಲ್ಲಿ ಕರ್ನಾಟಕವು ಸೈಯದ್ ಮುಷ್ತಾಕ್ ಅಲಿ ಟ್ರೋಫಿಯನ್ನು ಎರಡು ಬಾರಿ, ವಿಜಯ್ ಹಜಾರೆ ಟ್ರೋಫಿಯನ್ನು ಒಮ್ಮೆ ಗೆದ್ದುಕೊಂಡಿತು. 2025ರ ಜನವರಿಯಲ್ಲಿ ವಿದರ್ಭವನ್ನು ಸೋಲಿಸಿ ವಿಜಯ್ ಹಜಾರೆ ಟ್ರೋಫಿಯನ್ನು ಮತ್ತೆ ಗೆದ್ದಾಗಲೂ ತರಬೇತುದಾರರು ಅವರೇ. ಬಂಡಿಯಲ್ಲಿ ತಾವು ಸಿಗದೆ ಇಳಿದವರೇ ಕಡೆಗೆ ಬಂಡಿ ಹೂಡುವವರಾದರು.

ಎಚ್ಚರದ ಒಂದು ಮಾತು

ಇದನ್ನು ಓದಿ, ಪಟ್ಟಿಯಲ್ಲಿ ಇಲ್ಲದವರೆಲ್ಲ ಮೇಲೇರುತ್ತಾರೆಂದು ಯಾರೂ ಭಾವಿಸಬಾರದು. ವ್ಯಾಲೇಸ್ ಅವರಂತೆ ಹಿತ್ತಲ ಬಾಗಿಲಿನಿಂದ ಬಂದು ಉಳಿದವರು ಕೆಲವರು, ಮರಳಿದವರು ಬಹಳ. ಹಾಗೆಯೇ ಪಟ್ಟಿಯಲ್ಲಿ ಇದ್ದವರಿಗೆಲ್ಲ ದಾರಿ ಸುಗಮವೆಂದೂ ಅಲ್ಲ. 2015ರಲ್ಲಿ ಪಂಜಾಬಿನ ಹಳ್ಳಿಯ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ ತಂಡವು 52ನೆಯವರಾಗಿ ಆರಿಸಿಕೊಂಡಿತು. ಹಾಗೆ ಆಯ್ಕೆಯಾದ ಭಾರತದ ಮೊದಲ ಆಟಗಾರ ಅವರು, ದೇಶವೇ ಹಿಗ್ಗಿತು. ಆದರೆ ಎನ್‌ಬಿಎಯ ಒಂದು ಪಂದ್ಯದಲ್ಲಿಯೂ ಅವರು ಅಂಗಳಕ್ಕಿಳಿಯಲಿಲ್ಲ. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ, ಕೆನಡಾದಲ್ಲಿ ಹುಟ್ಟಿದ ಭಾರತೀಯ ಮೂಲದ ಸಿಮ್ ಭುಲ್ಲರ್, 2014ರ ಆಯ್ಕೆಯಲ್ಲಿ ಯಾರಿಗೂ ಬೇಡವಾದವರು, ಸಾಕ್ರಮೆಂಟೊ ತಂಡದ ಪರವಾಗಿ ಮೂರು ಪಂದ್ಯಗಳಲ್ಲಿ ಆಡಿದ್ದರು. ಪಟ್ಟಿಯೆಂಬುದು ಒಂದು ದಿನದ ಅಳತೆ; ಆಯುಷ್ಯದ ಅಳತೆಯಲ್ಲ.

ಮನೆಯವರು ಮಾಡಬೇಕಾದುದು

ಕೃಷ್ಣೆ ತುಂಗಭದ್ರೆಯರ ನಡುವಿನ ಈ ನಾಡಿನ ರೈತನಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮಾನ್ವಿ ಭಾಗದ ಕಾಲುವೆಯ ಕೊನೆಯಂಚಿನ ಹೊಲಗಳಿಗೆ ಎಷ್ಟೋ ವರ್ಷ ಸರದಿಯ ನೀರು ತಲುಪುವುದೇ ಇಲ್ಲ. ಹಾಗೆಂದು ಅಲ್ಲಿಯ ರೈತ ಹೊಲವನ್ನು ಬೀಳು ಬಿಡುವನೇ? ಭತ್ತದ ಆಸೆ ಬಿಟ್ಟು, ಎರೆಮಣ್ಣಿನ ಹಸಿಯಲ್ಲಿಯೇ ಬದುಕುವ ಬಿಳಿಜೋಳವನ್ನೋ ಕಡಲೆಯನ್ನೋ ಬಿತ್ತುತ್ತಾನೆ. ಬಾರದ ನೀರನ್ನು ನೆನೆದು ಕುಳಿತವನಿಗೆ ಬಿತ್ತುವ ಹದ ತಪ್ಪುತ್ತದೆ. ವ್ಯಾಲೇಸ್ ಅವರೂ ಯರೇಗೌಡರೂ ಮಾಡಿದ್ದು ಇಷ್ಟೇ: ತಮ್ಮ ಮಣ್ಣಿನಲ್ಲಿ ಇದ್ದ ಹಸಿ ಯಾವುದೆಂದು ಅರಿತು ಅದಕ್ಕೆ ತಕ್ಕುದನ್ನು ಬಿತ್ತಿದರು.

ಆದುದರಿಂದ ತಂದೆ-ತಾಯಂದಿರಲ್ಲಿ ಅರಿಕೆ. ಪಟ್ಟಿಯಲ್ಲಿ ಹೆಸರು ಬಾರದ ಸಂಜೆ ಮಗುವಿನೊಡನೆ ನೆರೆಮನೆಯ ಮಗುವನ್ನು ಹೋಲಿಸಬೇಡಿರಿ. 'ನಿನ್ನ ಹಣೆಬರಹ' ಎಂಬ ಮಾತನ್ನಂತೂ ಆಡಲೇಬೇಡಿರಿ. ಕೊರತೆ ಇದ್ದರೆ ಅದನ್ನು ಮರೆಮಾಚುವುದೂ ಬೇಡ. ವ್ಯಾಲೇಸ್ ಅವರ ಕೊರತೆ ಕೊನೆಯವರೆಗೂ ಕೊರತೆಯಾಗಿಯೇ ಉಳಿಯಿತು. ನಾಲ್ಕು ದಿನ ಕಳೆದ ಮೇಲೆ ಹತ್ತಿರ ಕೂರಿಸಿಕೊಂಡು ಒಂದು ಮಾತು ಕೇಳಿರಿ: 'ಯಾರೂ ನೋಡದಿದ್ದರೂ ನೀನು ಬಿಡದೆ ಮಾಡುವ ಕೆಲಸ ಯಾವುದು?' ಆಟವೇ ಆಗಿರಲಿ, ಓದೇ ಆಗಿರಲಿ, ಕೈಕಸುಬೇ ಆಗಿರಲಿ, ಮಗು ಕೊಡುವ ಉತ್ತರದಲ್ಲಿ ಮುಂದಿನ ದಾರಿಯ ಸುಳಿವು ಇರುತ್ತದೆ. ಆ ದಾರಿ ಬೇರೆ ಊರಿಗೆ, ಬೇರೆ ತಂಡಕ್ಕೆ ಒಯ್ಯುವುದಾದರೆ ಕಳಿಸಿಕೊಡಿರಿ. ಹೆಣ್ಣುಮಗಳೆಂದು ಬಾಗಿಲಿಗೆ ಅಡ್ಡ ನಿಲ್ಲಬೇಡಿರಿ.

ಆದರೆ ಅದೆಲ್ಲ ನಾಳೆಯ ಮಾತು. ಪಟ್ಟಿ ಬಂದ ದಿನ ಮನೆಯವರು ಮಾಡಬೇಕಾದುದು ಒಂದೇ: ಹೊತ್ತಿಗೆ ಸರಿಯಾಗಿ ಒಲೆ ಹೊತ್ತಿಸಿ, ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ ಮಗುವನ್ನು ಎಬ್ಬಿಸಿ, ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು.